ಬ್ರಿಟಿಷ್ ಶಾರ್ಟ್‌ಹೇರ್ ಮರಿ ತರುತ್ತಿದ್ದೇವೆ, ಇನ್ಶೂರೆನ್ಸ್ ನಿಜಕ್ಕೂ ಬೇಕಾ?

ನೀವು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಇದ್ದೀರಿ, ಮಗಳ ಆಸೆಗೆ ಒಂದು ಬ್ರಿಟಿಷ್ ಶಾರ್ಟ್‌ಹೇರ್ ತಳಿಯ ಗಂಡು ಬೆಕ್ಕಿನ ಮರಿಗೆ ಮುಂಗಡ ಕೊಟ್ಟಿದ್ದೀರಿ. ಮನೆಯೊಳಗೇ ಇರುವ ಬೆಕ್ಕಿಗೆ ತಿಂಗಳು ತಿಂಗಳು ಇನ್ಶೂರೆನ್ಸ್ ಕಟ್ಟುವುದು ದಂಡ ಅಲ್ವಾ ಅಂತ ಕೇಳಿದ್ದೀರಿ. ನಿಮ್ಮದು ಸಸ್ಯಾಹಾರಿ ಮನೆ, ಮೊಸರನ್ನ ಹಾಕಿದರೆ ಸಾಕಾ ಅಂತಲೂ ಕೇಳಿದ್ದೀರಿ.

ದಂಡ ಖಂಡಿತ ಅಲ್ಲ. ಮರಿ ಮನೆಗೆ ಬಂದ ದಿನವೇ ಮಾಡಿಸಿ. ಯಾಕೆ ಅನ್ನುವುದಕ್ಕೆ ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ.

ನಮ್ಮ ಬೆಕ್ಕು ಮೋಡನೂ ಅದೇ ತಳಿ. ಬೂದು ಮೈ, ಕಿತ್ತಳೆ ಕಣ್ಣು. ಅವನನ್ನು ತಂದಾಗ ಎಲ್ಲಕ್ಕಿಂತ ಅಗ್ಗದ ಪಾಲಿಸಿ ನೋಡಿ ತೆಗೆದುಕೊಂಡೆವು. ಅವನಿಗೆ ಮೂರು ವರ್ಷ ಆಗಿದ್ದಾಗ ಒಂದು ರಾತ್ರಿ ಲಿಟರ್ ಟ್ರೇಗೆ (ಬೆಕ್ಕಿನ ಮಲಮೂತ್ರಕ್ಕೆ ಇಟ್ಟ ಮರಳಿನ ತಟ್ಟೆ) ಹೋಗುವುದು, ಕೂರುವುದು, ಕೂಗುವುದು, ಎದ್ದು ಬರುವುದು. ಹೀಗೇ ಹತ್ತು ಸಲ. ಮರಳು ಒಣಗಿಯೇ ಇತ್ತು. ಹೊಟ್ಟೆ ಕಟ್ಟಿರಬೇಕು ಅಂದುಕೊಂಡು ನಾನು ಮಲಗಿಬಿಟ್ಟೆ. ಬೆಳಗಿನ ಜಾವ ನನ್ನ ಹೆಂಡತಿ ಎಬ್ಬಿಸಿ, ವೆಟ್ (ಪಶುವೈದ್ಯರ) ಹತ್ತಿರ ಕರೆದುಕೊಂಡು ಹೋಗದೇ ಇದ್ದಿದ್ದರೆ ಅವನು ಉಳಿಯುತ್ತಿರಲಿಲ್ಲ. ಮೂತ್ರ ಕಟ್ಟಿತ್ತು. ಗಂಡು ಬೆಕ್ಕುಗಳ ಮೂತ್ರನಾಳ ತುಂಬಾ ಸಣ್ಣದು. ಅದು ಮುಚ್ಚಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಒಂದೆರಡು ದಿನದಲ್ಲಿ ಹೃದಯವೇ ನಿಂತುಹೋಗಬಹುದು. ಇದೊಂದನ್ನು ದಯವಿಟ್ಟು ನೆನಪಿಡಿ: ಗಂಡು ಬೆಕ್ಕು ಟ್ರೇಗೆ ಹೋಗಿ ಹೋಗಿ ಬರುತ್ತಿದೆ, ಮೂತ್ರ ಇಲ್ಲ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ.

ಮೂರು ದಿನ ಇಟ್ಟುಕೊಂಡರು. ಬಿಲ್ಲು 2,300 ಪೌಂಡ್. ಎಕ್ಸೆಸ್ ಅಂತ, ಅಂದರೆ ಬಿಲ್ಲಿನಲ್ಲಿ ನಾವೇ ಭರಿಸಬೇಕಾದ ಮೊತ್ತ ಅಂತ, 100 ಪೌಂಡ್ ಕೊಟ್ಟೆವು, ಉಳಿದದ್ದು ಇನ್ಶೂರೆನ್ಸ್‌ನಿಂದ ಬಂತು. ಹದಿನೈದು ತಿಂಗಳ ನಂತರ ಮತ್ತೆ ಅದೇ ಆಯಿತು. ಈ ಸಲ ಒಂದು ಪೆನ್ನಿಯೂ ಬರಲಿಲ್ಲ. ನಮ್ಮದು ಹನ್ನೆರಡು ತಿಂಗಳ ಪಾಲಿಸಿ. ಅಂದರೆ ಯಾವುದೇ ಕಾಯಿಲೆಗೆ ಮೊದಲ ಹನ್ನೆರಡು ತಿಂಗಳು ಮಾತ್ರ ಹಣ, ಆಮೇಲೆ ಆ ಕಾಯಿಲೆ ಪಾಲಿಸಿಯಿಂದ ಹೊರಗೆ. ಬೇರೆ ಕಂಪನಿಗೆ ಹೋಗೋಣ ಅಂದರೆ ಅವರೂ ವೆಟ್ ದಾಖಲೆ ತರಿಸಿ ನೋಡುತ್ತಾರೆ. ಮೊದಲೇ ಇದ್ದ ಕಾಯಿಲೆಗೆ ಅಲ್ಲೂ ಹಣ ಇಲ್ಲ. ಊರಿಗೆ ಹೋಗಲು ಕೂಡಿಟ್ಟ ಟಿಕೆಟ್ ದುಡ್ಡು ಅದಕ್ಕೇ ಹೋಯಿತು.

ಅದಕ್ಕೇ ಹೇಳುತ್ತಿದ್ದೇನೆ, ಬೆಲೆಗಿಂತ ಮೊದಲು ಪಾಲಿಸಿ ಯಾವ ಬಗೆಯದು ನೋಡಿ. ಇಲ್ಲಿ ಮುಖ್ಯವಾಗಿ ನಾಲ್ಕು ಬಗೆ: ಅಪಘಾತಕ್ಕೆ ಮಾತ್ರ, ಹನ್ನೆರಡು ತಿಂಗಳದ್ದು, ಪ್ರತಿ ಕಾಯಿಲೆಗೂ ಇಷ್ಟೇ ಹಣ ಅಂತ ಮಿತಿ ಇರುವುದು, ಮತ್ತೆ ಲೈಫ್‌ಟೈಮ್. ನೀವು ಲೈಫ್‌ಟೈಮ್ ತೆಗೆದುಕೊಳ್ಳಿ. ಪ್ರತಿ ವರ್ಷ ನವೀಕರಿಸುತ್ತಾ ಹೋದರೆ ಹಣದ ಮಿತಿಯೂ ಹೊಸದಾಗಿ ಶುರುವಾಗುತ್ತದೆ, ಹಳೆ ಕಾಯಿಲೆಗೂ ಸಿಗುತ್ತದೆ. ಪ್ರೀಮಿಯಂ ಜಾಸ್ತಿ ಅನ್ನುವುದು ನಿಜ, ಬೆಕ್ಕಿಗೆ ವಯಸ್ಸಾದಂತೆ ಏರುತ್ತಲೂ ಹೋಗುತ್ತದೆ. ವಯಸ್ಸಾದ ಬೆಕ್ಕಿನ ಬಿಲ್ಲಿನಲ್ಲಿ ಇಷ್ಟು ಪಾಲು ನೀವೇ ಕೊಡಬೇಕು ಅನ್ನುವ ಷರತ್ತು ಬಹಳ ಪಾಲಿಸಿಗಳಲ್ಲಿ ಇರುತ್ತದೆ. ಅದು ಯಾವ ವಯಸ್ಸಿಗೆ ಶುರು, ಎಷ್ಟು ಪಾಲು ಅಂತ ಓದಿಕೊಳ್ಳಿ. ಲಸಿಕೆಗೆ, ಸಂತಾನಹರಣಕ್ಕೆ ಹಣ ಬರುವುದಿಲ್ಲ. ಆದರೆ ಲಸಿಕೆ ತಪ್ಪಿಸಿ, ಅದು ತಡೆಯಬೇಕಾಗಿದ್ದ ಕಾಯಿಲೆಯೇ ಬಂದರೆ ಕ್ಲೇಮ್ ಸಾಮಾನ್ಯವಾಗಿ ತಿರಸ್ಕಾರ ಆಗುತ್ತದೆ.

ಹೊಸ ಪಾಲಿಸಿಯಲ್ಲಿ ಕಾಯಿಲೆಗೆ ಸಾಮಾನ್ಯವಾಗಿ ಹದಿನಾಲ್ಕು ದಿನ ಕಾಯಬೇಕು. ಅದಕ್ಕೇ ಮೊದಲ ದಿನವೇ ಮಾಡಿಸಿ ಅಂದದ್ದು. ಎಷ್ಟೋ ಬ್ರೀಡರ್‌ಗಳು ಮರಿಯ ಜೊತೆ ಕೆಲವು ವಾರಗಳ ಉಚಿತ ಇನ್ಶೂರೆನ್ಸ್ ಕೊಡುತ್ತಾರೆ. ಅದು ಮುಗಿದು ನಿಮ್ಮದು ಶುರುವಾಗುವ ನಡುವೆ ಒಂದು ದಿನವೂ ಖಾಲಿ ಬಿಡಬೇಡಿ.

ತಳಿ ಬೆಕ್ಕಿಗೆ ಇಷ್ಟೆಲ್ಲ ಯಾಕೆ ಅಂದರೆ, ಕೆಲವು ಕಾಯಿಲೆ ವಂಶದಲ್ಲೇ ಬರುತ್ತವೆ. ಈ ತಳಿಯಲ್ಲಿ ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ ಇದೆ, ಗಂಡಿಗೆ ಜಾಸ್ತಿ. ಮೈನ್ ಕೂನ್, ರ‍್ಯಾಗ್‌ಡಾಲ್ ತಳಿಗಳಿಗೆ ಇದಕ್ಕೆ ಜೀನ್ ಪರೀಕ್ಷೆ ಇದೆ. ಬ್ರಿಟಿಷ್ ಶಾರ್ಟ್‌ಹೇರ್‌ಗೆ ಅದು ಉಪಯೋಗಕ್ಕೆ ಬರುವುದಿಲ್ಲ, ತಂದೆ ತಾಯಿಯ ಹೃದಯ ಸ್ಕ್ಯಾನ್ ಮಾಡಿಸಿದ್ದಾರಾ ಅಂತಲೇ ಕೇಳಬೇಕು. ಹಿಂದೆ ಪರ್ಷಿಯನ್ ಬೆಕ್ಕುಗಳ ಜೊತೆ ಕೂಡಿಸಿದ್ದರಿಂದ ಮೂತ್ರಪಿಂಡದಲ್ಲಿ ನೀರುಗುಳ್ಳೆ ಆಗುವ ಪಿಕೆಡಿಯೂ ಈ ತಳಿಗೆ ಬಂದಿದೆ. ಅದಕ್ಕೆ ಜೀನ್ ಪರೀಕ್ಷೆ ಇದೆ, ವರದಿ ತೋರಿಸಲು ಹೇಳಿ. ಒಳ್ಳೆ ಬ್ರೀಡರ್ ಬೇಜಾರು ಮಾಡಿಕೊಳ್ಳುವುದಿಲ್ಲ. ಮರಿಯನ್ನು ಜಿಸಿಸಿಎಫ್‌ನಲ್ಲಿ (ತಳಿ ಬೆಕ್ಕುಗಳನ್ನು ನೋಂದಾಯಿಸುವ ಬ್ರಿಟನ್ನಿನ ಸಂಸ್ಥೆ) ನೋಂದಾಯಿಸಿದ್ದರೆ ಹದಿಮೂರು ವಾರಕ್ಕೆ ಮೊದಲು ಕಳಿಸಬಾರದು. ಎಂಟು ವಾರಕ್ಕೇ ಒಯ್ಯಿರಿ ಅನ್ನುವವರಿದ್ದರೆ ನಾನಂತೂ ಮುಂಗಡ ಬಿಟ್ಟು ಬರುತ್ತೇನೆ. ಇನ್ನೊಂದು ಮಾತು. ಈ ತಳಿಯಲ್ಲಿ ಬಿ ಗುಂಪಿನ ರಕ್ತ ಉಳಿದ ಬೆಕ್ಕುಗಳಿಗಿಂತ ಬಹಳ ಜಾಸ್ತಿ. ಬಿ ಬೆಕ್ಕಿಗೆ ಎ ರಕ್ತ ಕೊಟ್ಟರೆ ಪ್ರಾಣಕ್ಕೇ ಅಪಾಯ. ಸಂತಾನಹರಣದ ಸಮಯದಲ್ಲೇ ರಕ್ತದ ಗುಂಪು ನೋಡಿಸಿ ದಾಖಲೆಯಲ್ಲಿ ಬರೆಸಿಡಿ.

ಊಟದ ವಿಷಯ. ಮೊಸರನ್ನ ಸಾಲದು. ನಾವೂ ಸಸ್ಯಾಹಾರಿಗಳೇ, ನಿಮ್ಮ ಸಂಕಟ ಗೊತ್ತು. ಆದರೆ ಬೆಕ್ಕಿನ ದೇಹಕ್ಕೆ ಟೌರಿನ್ ಅನ್ನುವ ಪೋಷಕಾಂಶ ಬೇಕು, ಅದು ಮಾಂಸದಲ್ಲಿದೆ. ಇಲ್ಲದಿದ್ದರೆ ಕಣ್ಣು, ಹೃದಯ ಎರಡೂ ಹಾಳಾಗುತ್ತವೆ. ನಾವು ಅವನದೇ ಒಂದು ತಟ್ಟೆ, ಒಂದು ಚಮಚ, ಅಡುಗೆಮನೆಯ ಹೊರಗೆ ಒಂದು ಜಾಗ ಮಾಡಿಕೊಂಡೆವು. ವೆಟ್ ಮಾತಿನಂತೆ ಕಾಳಿನಂತಿರುವ ಒಣ ಬೆಕ್ಕಿನ ಆಹಾರದ ಬದಲು ನೀರಿನಂಶ ಇರುವ ಒದ್ದೆ ಆಹಾರವನ್ನೇ ಜಾಸ್ತಿ ಕೊಡುತ್ತೇವೆ, ನೀರಿನ ಬಟ್ಟಲು ಮನೆಯಲ್ಲಿ ಮೂರು ಕಡೆ ಇದೆ. ಆಮೇಲೆ ಮೂತ್ರದ ತೊಂದರೆ ಬಂದಿಲ್ಲ. ಸಂತಾನಹರಣ ಆದ ಮೇಲೆ ಇವು ಬೇಗ ದಪ್ಪ ಆಗುತ್ತವೆ, ತಿಂಗಳಿಗೊಮ್ಮೆ ತೂಕ ನೋಡಿ.

ಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಅಡುಗೆ ಕೊಡಬೇಡಿ. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಯಾರಾದರೂ ಹೂಗುಚ್ಛ ತಂದರೆ ಲಿಲ್ಲಿ ಇದೆಯಾ ನೋಡಿ, ಅದರ ಪರಾಗ ಮೈಗೆ ಅಂಟಿ ಅದನ್ನು ನೆಕ್ಕಿಕೊಂಡರೂ ಮೂತ್ರಪಿಂಡ ಹೋಗುತ್ತದೆ. ನಾಯಿಗೆ ಹಾಕುವ ಚಿಗಟದ ಔಷಧಿ ಬೆಕ್ಕಿಗೆ ಹಾಕಲೇಬಾರದು.

ಬೆಕ್ಕಿಗೆ ಮೈಕ್ರೋಚಿಪ್ (ಗುರುತಿಗಾಗಿ ಚರ್ಮದ ಕೆಳಗೆ ಹಾಕುವ ಚಿಕ್ಕ ಚಿಪ್) ಇಂಗ್ಲೆಂಡಿನಲ್ಲಿ 2024ರ ಜೂನ್ 10ರಿಂದ ಕಡ್ಡಾಯ. ಇಪ್ಪತ್ತು ವಾರ ಆಗುವುದರೊಳಗೆ ಹಾಕಿಸಬೇಕು, ಇಲ್ಲದಿದ್ದರೆ 500 ಪೌಂಡ್ ವರೆಗೆ ದಂಡ. ಬ್ರೀಡರ್ ಹಾಕಿಸಿದ್ದರೆ ಅದರಲ್ಲಿ ನಿಮ್ಮ ಹೆಸರು, ವಿಳಾಸಕ್ಕೆ ಬದಲಾಯಿಸಿಕೊಳ್ಳಿ.

ಡಿಸೆಂಬರ್‌ನಲ್ಲಿ ಊರಿಗೆ ಹೋಗುವ ಯೋಚನೆ ಇದ್ದರೆ ನೀವಿಲ್ಲದಾಗ ಬೆಕ್ಕನ್ನು ಇಟ್ಟುಕೊಂಡು ನೋಡಿಕೊಳ್ಳುವ ಕ್ಯಾಟರಿ ಈಗಲೇ ನೋಡಿಡಿ. ಕೌನ್ಸಿಲ್ ಲೈಸೆನ್ಸ್ ಇದೆಯಾ ಕೇಳಿ. ಲಸಿಕೆಯ ಕಾರ್ಡ್ ಇಲ್ಲದೆ ಅವರು ಸೇರಿಸಿಕೊಳ್ಳುವುದಿಲ್ಲ, ಕ್ರಿಸ್‌ಮಸ್ ವಾರದ ಜಾಗ ಬೇಗ ತುಂಬಿಬಿಡುತ್ತದೆ.