ಲಡಾಖ್‌ನಲ್ಲಿ ಗೆಲ್ಲೋದು ಯಾರು?

ಪ್ರಶ್ನೆ: ಲಡಾಖ್ ದೇಶದ ಅತಿ ವಿಸ್ತಾರವಾದ ಲೋಕಸಭಾ ಕ್ಷೇತ್ರ ಅಲ್ವಾ? ಅಲ್ಲಿ ಆಗಾಗ ಪಕ್ಷೇತರರು ಗೆಲ್ಲೋದು ಯಾಕೆ?

ಉತ್ತರ: ಹೌದು. 1989, 2004, 2009, 2024ರಲ್ಲಿ ಗೆದ್ದವರು ಪಕ್ಷೇತರರೇ. ಲೇಹ್, ಕಾರ್ಗಿಲ್ ಲಡಾಖ್‌ನ ಎರಡು ಮುಖ್ಯ ಭಾಗಗಳು. ಅಲ್ಲಿ ಪಕ್ಷಕ್ಕಿಂತ, ಅಭ್ಯರ್ಥಿ ಲೇಹ್‌ನವರೋ ಕಾರ್ಗಿಲ್‌ನವರೋ ಅನ್ನೋದೇ ಜಾಸ್ತಿ ಲೆಕ್ಕಕ್ಕೆ ಬರುತ್ತದೆ. 2014ರಲ್ಲಿ ಕಾರ್ಗಿಲ್ ಕಡೆಯ ಮತ ಇಬ್ಬರು ಪಕ್ಷೇತರರಿಗೆ ಹಂಚಿಹೋಯಿತು. ಲೇಹ್‌ನವರಾದ ಬಿಜೆಪಿಯ ತುಪ್ಸ್ತಾನ್ ಛೆವಾಂಗ್ ಬರೀ 36 ಮತಗಳಿಂದ ಗೆದ್ದರು! 2024ರಲ್ಲಿ ಇದು ಉಲ್ಟಾ ಆಯಿತು. ಬಿಜೆಪಿ, ಕಾಂಗ್ರೆಸ್ ಎರಡೂ ಲೇಹ್‌ನವರನ್ನೇ ನಿಲ್ಲಿಸಿದವು. ಲೇಹ್ ಕಡೆಯ ಮತ ಹಂಚಿಹೋಗಿ, ಕಾರ್ಗಿಲ್‌ನ ಪಕ್ಷೇತರ ಮೊಹಮ್ಮದ್ ಹನೀಫಾ ಗೆದ್ದುಬಂದರು.

ಈ ಕ್ಷೇತ್ರದಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ ಬೇರೆಯೇ ಇದೆ. ಲೇಹ್ ಜಿಲ್ಲೆಯ ವಾರ್ಶಿಯಲ್ಲಿ ಇದ್ದದ್ದು 5 ಮತದಾರರು, ಅವರೂ ಒಂದೇ ಮನೆಯವರು. 2024ರಲ್ಲಿ ಅವರಿಗಾಗಿಯೇ ಒಂದು ಮತಗಟ್ಟೆ ತೆರೆದರು.