ಫುಲ್ ಫ್ರೇಮ್‌ಗೆ ಯಾವ ಜೂಮ್: 24-70 ಅಥವಾ 24-105?

ಹೊಸ ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾಗೆ ಹಳೆಯ 18-55 ಲೆನ್ಸ್ ಹಾಕಿದರೆ ಫೋಟೋದ ಮೂಲೆಗಳು ಕಪ್ಪಾಗುತ್ತಿವೆ, ಈಗ ಯಾವ ಜೂಮ್ ಲೆನ್ಸ್ ಕೊಳ್ಳಲಿ ಅಂತ ಕೇಳಿದ್ದೀರಿ. ಮೂಲೆಗಳು ಕಪ್ಪಾಗುತ್ತಿರುವುದು ಹೊಸ ಕ್ಯಾಮೆರಾದ ದೋಷ ಅಲ್ಲ. ನಿಮ್ಮ ಹಳೆಯ 18-55 ಕ್ರಾಪ್ ಸೆನ್ಸರ್‌ಗೆಂದೇ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್) ಮಾಡಿದ ಲೆನ್ಸ್, ಅದರಿಂದ ಬೀಳುವ ಬೆಳಕಿನ ವೃತ್ತ ಫುಲ್ ಫ್ರೇಮ್‌ನ ಮೂಲೆವರೆಗೆ ಮುಟ್ಟುವುದಿಲ್ಲ. ಮೆನುವಿನಲ್ಲಿ ಕ್ರಾಪ್ ಮೋಡ್ (ಸೆನ್ಸರ್‌ನ ನಡುಭಾಗ ಮಾತ್ರ ಬಳಸುವುದು) ಹಾಕಿ, ಕಪ್ಪು ಹೋಗುತ್ತದೆ. ಆದರೆ 24 ಮೆಗಾಪಿಕ್ಸೆಲ್ ಫೋಟೋ ಸುಮಾರು 10ಕ್ಕೆ ಇಳಿಯುತ್ತದೆ. ಹೊಸ ಲೆನ್ಸ್ ಬರುವವರೆಗೆ ಅಷ್ಟು ಸಾಕು.

ಇನ್ನು 24-70 ಎಫ್/2.8 ಬೇಕೋ 24-105 ಎಫ್/4 ಬೇಕೋ ಅನ್ನುವುದು. ಮೊದಲ ಅಂಕಿಗಳು ಮಿಲಿಮೀಟರ್‌ನಲ್ಲಿ ಫೋಕಲ್ ಲೆಂತ್, ಹೆಚ್ಚಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ; ಎಫ್ ಅಂಕಿ ಲೆನ್ಸ್ ಎಷ್ಟು ಅಗಲ ತೆರೆಯುತ್ತದೆ ಅನ್ನುವುದು, ಕಡಿಮೆ ಇದ್ದಷ್ಟೂ ಬೆಳಕು ಜಾಸ್ತಿ. ಸುಮ್ನೆ ರಿವ್ಯೂ ನೋಡುತ್ತಾ ಕೂರಬೇಡಿ. ಮೊದಲು ನಿಮ್ಮದೇ ಹಳೆಯ ಫೋಟೋಗಳಲ್ಲಿ ಇಷ್ಟವಾದ ಒಂದು ನೂರು ತೆಗೆದು, ಪ್ರತಿಯೊಂದರ ಫೋಕಲ್ ಲೆಂತ್ ನೋಡಿ 1.5ರಿಂದ ಗುಣಿಸಿ (ಹಳೆಯದು ಕ್ಯಾನನ್ ಆಗಿದ್ದರೆ 1.6), ಫುಲ್ ಫ್ರೇಮ್‌ನಲ್ಲಿ ಅದೇ ನೋಟಕ್ಕೆ ಬೇಕಾದ ಅಂಕಿ ಸಿಗುತ್ತದೆ. 55ರಲ್ಲಿ ತೆಗೆದದ್ದೇ ಜಾಸ್ತಿ ಇದ್ದರೆ ನಿಮಗೆ ಬೇಕಿರುವುದು 82ರ ಆಸುಪಾಸು, ಅಂದರೆ 24-70 ಕೈಗೆ ಬಂದ ದಿನವೇ ಸಾಲದು ಅನಿಸುತ್ತದೆ.

ಆಮೇಲೆ ಬೆಳಕು. ಎಫ್/4ಕ್ಕಿಂತ ಎಫ್/2.8 ಎರಡರಷ್ಟು ಬೆಳಕು ಬಿಡುತ್ತದೆ. ಮನೆಯೊಳಗೆ ಓಡಾಡುವ ಮಗುವಿನ ಫೋಟೋನೇ ಮುಖ್ಯ ಅಂದಿದ್ದೀರಿ, ಅದಕ್ಕೆ ಇದು ದೊಡ್ಡ ವಿಷಯ: ಎಫ್/4ರಲ್ಲಿ ಶಟರ್ ಸೆಕೆಂಡಿನ 1/125 ಹೊತ್ತು ತೆರೆದಿರಬೇಕಾದ ಕಡೆ, ಎಫ್/2.8ರಲ್ಲಿ ಅದೇ ಐಎಸ್‌ಒಗೆ (ಬೆಳಕಿನ ಸೂಕ್ಷ್ಮತೆಯ ಸೆಟ್ಟಿಂಗ್) 1/250 ಸಿಗುತ್ತದೆ, ಬೀಸಿದ ಪುಟ್ಟ ಕೈ ಅಷ್ಟಾಗಿ ಮಸುಕಾಗುವುದಿಲ್ಲ. ಸ್ಟೆಬಿಲೈಸೇಷನ್ ಇದೆಯಲ್ಲ ಅನ್ನಬೇಡಿ, ಅದು ತಡೆಯುವುದು ನಿಮ್ಮ ಕೈ ನಡುಕವನ್ನು, ಮಗುವಿನ ಓಟವನ್ನಲ್ಲ ಅಲ್ವಾ?

ಹಾಗಾಗಿ ಮನೆಯೊಳಗೇ ಜಾಸ್ತಿ ಅಂದರೆ 24-70, ಹಗಲು ಹೊರಗಡೆ ಮತ್ತು ಪ್ರವಾಸ ಅಂದರೆ 24-105. ಲೆಕ್ಕ ಸಮಸಮ ಬಂದರೆ ಎರಡನ್ನೂ ಒಂದೊಂದು ದಿನ ಬಾಡಿಗೆಗೆ ತಂದು ಕುತ್ತಿಗೆಗೆ ಹಾಕಿಕೊಂಡು ಓಡಾಡಿ ನೋಡಿ, 2.8 ಸಾಮಾನ್ಯವಾಗಿ ಭಾರ ಇರುತ್ತದೆ.