ಒಂಟಿ ಗಿನಿಪಿಗ್ ಸಾಕುವಂತಿಲ್ಲ!

ಪ್ರಶ್ನೆ: ಸ್ವಿಟ್ಜರ್ಲೆಂಡ್‌ನಲ್ಲಿ ಒಂದೇ ಒಂದು ಗಿನಿಪಿಗ್ ಸಾಕುವುದು ಕಾನೂನುಬಾಹಿರವಂತೆ. ರಾತ್ರಿ ಹತ್ತರ ಮೇಲೆ ಶೌಚಾಲಯದಲ್ಲಿ ಫ್ಲಶ್ ಮಾಡುವುದೂ ಅಪರಾಧವಂತೆ. ನಿಜವೇ?

ಉತ್ತರ: ಮೊದಲನೆಯದು ನಿಜ, ನನಗೆ ಬಲು ಮೆಚ್ಚಿನ ಕಾನೂನೂ ಹೌದು. 2008ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಪ್ರಾಣಿ ಸಂರಕ್ಷಣಾ ನಿಯಮಾವಳಿಯ ಪ್ರಕಾರ, ಗುಂಪಿನಲ್ಲಿ ಬಾಳುವ ಸಾಕುಪ್ರಾಣಿಗಳಿಗೆ ತಮ್ಮದೇ ಜಾತಿಯ ಜೊತೆ ಇರಲೇಬೇಕು. ಗಿನಿಪಿಗ್ ಸದಾ ಕೀಚು ದನಿಯಲ್ಲಿ ಸಂಗಾತಿಗಳನ್ನು ಕರೆಯುತ್ತಾ ಓಡಾಡುವ ಜೀವಿ. ನಾವು ಎಷ್ಟೇ ಮುದ್ದಿಸಿದರೂ ಆ ಕರೆಗೆ ಉತ್ತರ ಕೊಡಲಾರೆವು. ಸರಿ, ಎರಡರಲ್ಲಿ ಒಂದು ಸತ್ತರೆ? ಹೊಸದೊಂದನ್ನು ತರಬೇಕು, ಮುಂದೆ ಅದೂ ಒಂಟಿಯಾಗುತ್ತದೆ, ಮತ್ತೊಂದು ಬೇಕು. ಈ ಸರಪಳಿ ತುಂಡರಿಸಲೆಂದೇ, ಉಳಿದ ಮುದಿ ಗಿನಿಪಿಗ್‌ಗೆ ಕೊನೆಯವರೆಗೆ ಜೊತೆಗಾರನನ್ನು ಬಾಡಿಗೆಗೆ ಕೊಡುವವರು ಅಲ್ಲಿ ಹುಟ್ಟಿಕೊಂಡರು! ಗಿಳಿಗಳಿಗೂ ಒಂಟಿವಾಸ ನಿಷಿದ್ಧ. 2018ರಿಂದ ಲಾಬ್‌ಸ್ಟರನ್ನು ಪ್ರಜ್ಞೆ ತಪ್ಪಿಸದೆ ಕುದಿಯುವ ನೀರಿಗೆ ಹಾಕುವಂತೆಯೂ ಇಲ್ಲ. ಇವನ್ನು ವಿಚಿತ್ರವೆಂದು ನಗುವವರ ಜೊತೆ ನಾನು ಸೇರಲಾರೆ.

ಫ್ಲಶ್‌ನ ವಿಷಯಕ್ಕೆ ಬಂದರೆ, ಅಂಥ ರಾಷ್ಟ್ರೀಯ ಕಾನೂನೇ ಇಲ್ಲ. ರಾತ್ರಿ ಹತ್ತರ ನಂತರ ಗದ್ದಲ ಬೇಡ ಎಂಬ ನಿಯಮ ಅಲ್ಲಿನ ಅನೇಕ ಅಪಾರ್ಟ್‌ಮೆಂಟ್‌ಗಳಲ್ಲಿದೆ, ಅಷ್ಟೆ.